ರ‍್ಯಾಪ್ ಕಟ್ಟೆ: ಅಕ್ಷರ ಎಣಿಸಬೇಡಿ, ಮಾತ್ರೆ ಎಣಿಸಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗಂಟಿನ ಸುತ್ತ ತಿರುಗುತ್ತವೆ: ಕನ್ನಡದಲ್ಲಿ ಬರೆದ ಸಾಲು ಬೀಟಿಗೆ ಕೂರುತ್ತಿಲ್ಲ. ಆದ್ದರಿಂದ ಅದಕ್ಕೇ ಮೊದಲ ಜಾಗ, ಹೆಚ್ಚು ಜಾಗ. ಧ್ವನಿಮುದ್ರಣ, ಹಕ್ಕು, ವಿಡಿಯೊ ಕುರಿತ ಪ್ರಶ್ನೆಗಳು ಆಮೇಲೆ.

ಪ್ರಶ್ನೆ: ನನ್ನ ಬೀಟ್ 90 ಬಿಪಿಎಂ (ನಿಮಿಷಕ್ಕೆ 90 ಬೀಟ್). ಪ್ರತಿ ಸಾಲಿಗೂ ಎಣಿಸಿ 14 ಅಕ್ಷರ ಇಡುತ್ತೇನೆ. ಆದರೂ ಮೂರನೇ ಸಾಲಿಗೆ ಬರುವಷ್ಟರಲ್ಲಿ ಬೀಟ್ ಮುಂದೆ ಹೋಗಿರುತ್ತದೆ, ನಾನು ಹಿಂದೆ ಉಳಿದಿರುತ್ತೇನೆ. ತಪ್ಪೆಲ್ಲಿ? (ಹಾವೇರಿ)

ಉತ್ತರ: ತಪ್ಪು ಎಣಿಕೆಯಲ್ಲೇ ಇದೆ. ಕನ್ನಡದಲ್ಲಿ ಎಲ್ಲ ಅಕ್ಷರಗಳ ತೂಕ ಒಂದೇ ಅಲ್ಲ. ಶಾಲೆಯಲ್ಲಿ ಕಲಿತ ಲಘು-ಗುರುವನ್ನು ನೆನಪಿಸಿಕೊಳ್ಳಿ. ಹ್ರಸ್ವಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು. ‘ಮರದಡಿ ನೆರಳಲಿ’ ಎಂಬುದರಲ್ಲಿ 8 ಅಕ್ಷರ, 8 ಮಾತ್ರೆ. ‘ಊರಾಚೆ ಕಾರ್ಖಾನೆ ಗೋಡೆ’ ಎಂಬುದರಲ್ಲೂ 8 ಅಕ್ಷರ, ಆದರೆ 13 ಮಾತ್ರೆ. ಇವೆರಡನ್ನೂ ಸಮ ಎಂದುಕೊಂಡು ಒಂದೇ ಅಳತೆಯ ಜಾಗಕ್ಕೆ ತುಂಬಿದರೆ ಎರಡನೆಯದು ಹೊರಗೆ ಚೆಲ್ಲುತ್ತದೆ. ನಿಮ್ಮ ಮೂರನೇ ಸಾಲಿನಲ್ಲಿ ಆಗುತ್ತಿರುವುದು ಇದೇ.

ಈಗ ಬೀಟಿನ ಕಡೆ ನೋಡಿ. ಒಂದು ಬಾರ್ ಎಂದರೆ 4 ಬೀಟ್. ಒಂದು ಬೀಟನ್ನು ನಾಲ್ಕು ಚೂರು ಮಾಡಿದರೆ ಬಾರಿಗೆ 16 ಮನೆ. ಒಂದು ಮನೆಗೆ ಒಂದು ಮಾತ್ರೆ ಎಂದಿಟ್ಟುಕೊಂಡರೆ ಸಾಲಿಗೆ 16 ಮಾತ್ರೆ. ನಾಲ್ಕು ಮಾತ್ರೆಯ ನಾಲ್ಕು ಗಣ ಎಂಬ ಈ ಅಳತೆ ನಮಗೆ ಹೊಸದಲ್ಲ, ಅದು ಮಂದಾನಿಲ ರಗಳೆಯ ಸಾಲು. ರಗಳೆಯ ಹರಿಹರ ಹಿಡಿದ ಓಟ ಬೂಮ್ ಬ್ಯಾಪ್ ಬೀಟಿನ (ಅದರ ಗುರುತು ಕೆಳಗೆ ಮೈಸೂರಿನ ಪತ್ರದ ಉತ್ತರದಲ್ಲಿದೆ) ಮೇಲೆ ಸಲೀಸಾಗಿ ಕೂರುತ್ತದೆ ಎಂಬುದು ಕನ್ನಡದ ರ‍್ಯಾಪರ್‌ಗಳಿಗೆ ಕೈಗೆ ಸಿಕ್ಕಿರುವ ದೊಡ್ಡ ಆಸ್ತಿ ಎಂದೇ ನಾವು ನಂಬುತ್ತೇವೆ.

ಒಂದು ಜೋಡಿ ಸಾಲನ್ನು ಬಿಡಿಸಿ ನೋಡೋಣ:

ಬೀದಿಯ | ದೀಪದ | ಕೆಳಗಡೆ | ನಿಂತು
ಹಾದಿಯ | ತುಂಬಾ | ಸಾಲದ | ಕಂತು

ಮೊದಲ ಮೂರು ಗಣಗಳಿಗೆ ನಾಲ್ಕು ನಾಲ್ಕು ಮಾತ್ರೆ, ಕೊನೆಯದಕ್ಕೆ ಮೂರು. ಒಟ್ಟು 15. ಉಳಿದ ಒಂದು ಮಾತ್ರೆ ಉಸಿರಿಗೆ. ಅದನ್ನು ತುಂಬಲು ಹೋಗಬೇಡಿ. 16ಕ್ಕೆ 16 ತುಂಬಿದ ಸಾಲುಗಳನ್ನು ಒಂದರ ಹಿಂದೊಂದು ಇಟ್ಟರೆ ಐದಾರು ಬಾರ್ ಕಳೆಯುವಷ್ಟರಲ್ಲಿ ಗಾಳಿ ಸಾಲದೆ ಕೊನೆಯ ಪದಗಳು ನುಂಗಿಹೋಗುತ್ತವೆ.

ಇನ್ನೊಂದು ಸಂಗತಿ ಗಮನಿಸಿ. ಈ ಬಗೆಯ ಬೀಟಿನಲ್ಲಿ ಸ್ನೇರ್ (ಟಪ್ ಎಂದು ಹೊಡೆಯುವ ಡ್ರಮ್) ಬೀಳುವುದು 2 ಮತ್ತು 4ನೇ ಬೀಟಿಗೆ, ಅಂದರೆ 5 ಮತ್ತು 13ನೇ ಮಾತ್ರೆಗೆ. ಮೇಲಿನ ಸಾಲುಗಳಲ್ಲಿ ಆ ಜಾಗಕ್ಕೆ ಬಂದಿರುವುದು ‘ದೀ’, ‘ನಿಂ’, ‘ತುಂ’, ‘ಕಂ’. ನಾಲ್ಕೂ ಗುರು, ನಾಲ್ಕೂ ಪದದ ಮೊದಲ ಅಕ್ಷರ. ಕನ್ನಡದ ಮಾತಿನಲ್ಲಿ ಒತ್ತು ಸಹಜವಾಗಿ ಪದದ ತಲೆಗೇ ಬೀಳುತ್ತದೆ. ಆ ಒತ್ತು ಸ್ನೇರ್ ಮೇಲೆ ಬಿದ್ದಾಗ ಸಾಲು ಹೊಡೆಯುತ್ತದೆ, ‘ಯಲ್ಲಿ’, ‘ದಿಂದ’ದಂಥ ಬಾಲ ಬಿದ್ದರೆ ಸಪ್ಪೆಯಾಗುತ್ತದೆ.

ಸಾಲು ಭಾರವಾದರೆ ಪದ ಕಿತ್ತುಹಾಕುವ ಮೊದಲು ಆಡುಮಾತಿಗೆ ಇಳಿಸಿ ನೋಡಿ. ‘ಹೋಗುತ್ತಿದ್ದೇನೆ’ 9 ಮಾತ್ರೆ. ‘ಹೋಗ್ತಿದೀನಿ’ 6. ನಿಮ್ಮ ಸೀಮೆಯ ‘ಹೊಂಟೀನಿ’ 5. ಒಂದೇ ಅರ್ಥ, ನಾಲ್ಕು ಮನೆ ಉಳಿತಾಯ. ಹಾವೇರಿಯವರು ಬೆಂಗಳೂರಿನ ಮಾತಿನಲ್ಲೇ ಬರೆಯಬೇಕೆಂದು ಹಟ ಹಿಡಿದರೆ ಈ ಲಾಭ ಕಳೆದುಕೊಳ್ಳುತ್ತಾರೆ. ಇಂಗ್ಲಿಷ್ ಪದಗಳಿಗೂ ಇದೇ ಲೆಕ್ಕ, ಕೊನೆಯ ‘ಸ್’, ‘ಕ್’ನಂಥ ಅರೆ ಅಕ್ಷರ ಹಿಂದಿನದನ್ನು ಗುರು ಮಾಡುತ್ತದೆ: ‘ಬಸ್’ 2, ‘ಬಸ್ಸು’ 3, ‘ಟ್ರಾಫಿಕ್’ 4.

ಅಭ್ಯಾಸ ಹೀಗೆ ಮಾಡಿ. ಮೆಟ್ರೊನೋಮನ್ನು 60ಕ್ಕೆ ಇಟ್ಟು, ಪ್ರತಿ ಗಣದ ಮೊದಲ ಅಕ್ಷರಕ್ಕೆ ತೊಡೆ ತಟ್ಟುತ್ತ ಎಂಟು ಸಾಲು ಹೇಳಿ. ತಪ್ಪದೆ ಬಂದರೆ 70, 80, 90. ಎಲ್ಲಿ ನಾಲಿಗೆ ತೊಡರುತ್ತದೋ ಆ ಗಣದ ಮಾತ್ರೆಯನ್ನು ಮತ್ತೆ ಎಣಿಸಿ. ಅಲ್ಲಿ ಸಾಮಾನ್ಯವಾಗಿ 5 ಅಥವಾ 6 ಇರುತ್ತದೆ. 90ರಲ್ಲಿ ಸೆಕೆಂಡಿಗೆ 6 ಮಾತ್ರೆ, ಅದು ಆರಾಮದ ವೇಗ. ಅಲ್ಲೇ ನಾಲಿಗೆ ಸಿಕ್ಕಿಕೊಳ್ಳುತ್ತಿದೆ ಎಂದರೆ ದೋಷ ನಾಲಿಗೆಯದಲ್ಲ, ಸಾಲಿನದು.

ಪ್ರಶ್ನೆ: ಮೂರು ಮೂರಾಗಿ ಉರುಳುವ ಟ್ರಿಪ್ಲೆಟ್ ಫ್ಲೋ ಕನ್ನಡಕ್ಕೆ ಒಗ್ಗುತ್ತದೆಯೇ? ಪ್ರಯತ್ನಿಸಿದಾಗಲೆಲ್ಲ ಅರ್ಧಕ್ಕೆ ಕುಸಿಯುತ್ತದೆ. (ಕುಂದಾಪುರ)

ಉತ್ತರ: ಚೆನ್ನಾಗಿಯೇ ಒಗ್ಗುತ್ತದೆ. ಈ ನಡೆ 1990ರ ದಶಕದಲ್ಲಿ ಮೆಂಫಿಸ್‌ನ ತ್ರೀ 6 ಮಾಫಿಯಾ ತಂಡದವರ ಬಾಯಲ್ಲಿತ್ತು. 2013ರಲ್ಲಿ ಅಟ್ಲಾಂಟಾದ ಮಿಗೋಸ್ ಅದನ್ನು ಜಗತ್ತಿಗೆಲ್ಲ ಹಬ್ಬಿಸಿದರು. ಒಂದು ಬೀಟಿಗೆ ಮೂರು, ಬಾರಿಗೆ 12. ನಮ್ಮಲ್ಲಿ ಮೂರು ಮಾತ್ರೆಯ ನಾಲ್ಕು ಗಣಕ್ಕೆ ಉತ್ಸಾಹ ರಗಳೆ ಎಂದು ಹೆಸರು. ‘ಕಡಲ | ಅಲೆಯ | ಮೇಲೆ | ದೋಣಿ’ ಎಂದು ಒಮ್ಮೆ ಜೋರಾಗಿ ಹೇಳಿ ನೋಡಿ.

ಕುಸಿಯುವುದಕ್ಕೆ ಎರಡು ಕಾರಣ. ಮೊದಲನೆಯದು, ನಾಲ್ಕು ಮಾತ್ರೆಯ ಪದ. ‘ಬೀದಿಯ’ ಎಂಬುದನ್ನು ಮೂರರ ಮನೆಗೆ ತಂದರೆ ‘ಯ’ ಪಕ್ಕದ ಮನೆಗೆ ನುಗ್ಗುತ್ತದೆ, ಅಲ್ಲಿಂದ ಎಲ್ಲ ಸಾಲಾಗಿ ಜಾರುತ್ತವೆ. ಆದ್ದರಿಂದ ಮೊದಲು ಮೂರು ಮಾತ್ರೆಯ ಪದಗಳ ಒಂದು ಪಟ್ಟಿ ಮಾಡಿಟ್ಟುಕೊಳ್ಳಿ. ನಿಮಗೆ ಕುಂದಗನ್ನಡವೇ ನೆರವಾಗುತ್ತದೆ: ‘ಬರುತ್ತೇನೆ’ 6 ಮಾತ್ರೆಯಾದರೆ ‘ಬತ್ತೆ’ ಸರಿಯಾಗಿ 3. ಎರಡನೆಯದು ಉಸಿರು. 140 ಬಿಪಿಎಂನಲ್ಲಿ ಬೀಟಿಗೆ ಮೂರು ಎಂದರೆ ಸೆಕೆಂಡಿಗೆ 7 ಮಾತ್ರೆ. ಎರಡು ಬಾರ್‌ಗೊಮ್ಮೆ ಕೊನೆಯ ಗಣವನ್ನು ಖಾಲಿ ಬಿಡಿ. ಮಹಾಪ್ರಾಣಗಳನ್ನು ಗುಂಪಾಗಿ ಇಡಬೇಡಿ, ಭ, ಧ, ಖ ಒಂದೊಂದೂ ಗಾಳಿ ತಿನ್ನುತ್ತವೆ.

ಬರೀ ಲಘುಗಳ ‘ಕಡಲ’ ಮಾದರಿ ಮಷಿನ್‌ಗನ್‌ನಂತೆ ಕೇಳುತ್ತದೆ, ಗುರು-ಲಘುವಿನ ‘ಮೇಲೆ’ ಮಾದರಿ ಕುದುರೆಯ ನಡೆಯಂತೆ. ಒಂದೇ ಮಾದರಿ ನಾಲ್ಕು ಬಾರ್ ದಾಟಿದರೆ ಕಿವಿ ಸೋಲುತ್ತದೆ. ಬೆರೆಸಿ ಬಳಸಿ.

ಪ್ರಶ್ನೆ: ನಾನು ಬರೆದ ಪ್ರಾಸಗಳೆಲ್ಲ ‘ಅಲ್ಲಿ’, ‘ಇಂದ’, ‘ಆಗಿ’ ಎಂದೇ ಮುಗಿಯುತ್ತವೆ. ಪ್ರಾಸ ಇದ್ದೂ ಇಲ್ಲದಂತೆ ಅನಿಸುತ್ತದೆ. (ತುಮಕೂರು)

ಉತ್ತರ: ನಿಮ್ಮ ಕಿವಿ ಸರಿಯಾಗಿದೆ. ‘ಮನೆಯಲ್ಲಿ, ಊರಲ್ಲಿ, ಬಾಳಲ್ಲಿ’ ಎಂಬುದರಲ್ಲಿ ಹೊಂದಿಕೊಂಡಿರುವುದು ವಿಭಕ್ತಿ ಮಾತ್ರ. ಕನ್ನಡದ ಯಾವ ನಾಮಪದಕ್ಕೆ ಬೇಕಾದರೂ ‘ಅಲ್ಲಿ’ ಅಂಟುತ್ತದೆ. ಶ್ರಮವಿಲ್ಲದೆ ಸಿಕ್ಕಿದ್ದಕ್ಕೆ ಕೇಳುವವರು ತಲೆಯಾಡಿಸುವುದಿಲ್ಲ. ಪರೀಕ್ಷೆ ಸುಲಭ: ಪ್ರತ್ಯಯವನ್ನು ಕೈಯಿಂದ ಮುಚ್ಚಿ, ಉಳಿದದ್ದು ಪ್ರಾಸವಾಗುತ್ತದೆಯೇ ನೋಡಿ. ‘ಬೀದಿಯಲ್ಲಿ–ಗಾದಿಯಲ್ಲಿ’ ಉಳಿಯುತ್ತದೆ, ‘ಮನೆಯಲ್ಲಿ–ಊರಲ್ಲಿ’ ಬಿದ್ದುಹೋಗುತ್ತದೆ.

ಮುಂದಿನ ಮೆಟ್ಟಿಲು ಜಾತಿ ಬೇರೆಯಾದ ಪದಗಳನ್ನು ಜೋಡಿಸುವುದು. ಮೇಲಿನ ಉತ್ತರದ ‘ನಿಂತು’ ಕ್ರಿಯಾಪದ, ‘ಕಂತು’ ನಾಮಪದ. ಒಂದು ಕೇಳಿದಾಗ ಇನ್ನೊಂದು ಬರುತ್ತದೆ ಎಂದು ಊಹಿಸಲಾಗುವುದಿಲ್ಲ. ‘ಕಣ್ಣು–ಹಣ್ಣು–ಮಣ್ಣು’ ಹಾಗಲ್ಲ, ಮೊದಲನೆಯದು ಬಂದ ಕೂಡಲೇ ಕೇಳುವವರೇ ಮುಂದಿನದನ್ನು ಹೇಳಿಬಿಡುತ್ತಾರೆ.

ಅದರಾಚೆ ಇರುವುದು ಇಡೀ ಪದಗುಚ್ಛದ ಪ್ರಾಸ. ‘ಹಾಲಿನ ಗಾಡಿ’ ಮತ್ತು ‘ಕಾಲಿನ ನಾಡಿ’ಯ ಸ್ವರಗಳನ್ನು ಮಾತ್ರ ಬರೆದುಕೊಳ್ಳಿ: ಆ-ಇ-ಅ-ಆ-ಇ. ಎರಡರಲ್ಲೂ ಐದಕ್ಕೆ ಐದೂ ಒಂದೇ. ಬರೆಯುವಾಗ ಹಾಳೆಯ ಅಂಚಿನಲ್ಲಿ ಈ ಸ್ವರಸಾಲನ್ನು ಗುರುತು ಹಾಕಿಕೊಂಡು ಅದಕ್ಕೆ ಹೊಂದುವ ಗುಚ್ಛ ಹುಡುಕುವುದು ಒಳ್ಳೆಯ ಪದ್ಧತಿ. ಪ್ರಾಸವನ್ನು ಸಾಲಿನ ಕೊನೆಯಿಂದ ಬಿಡಿಸಿ ನಡುವಿಗೂ ತಂದು ನೆಯ್ದವರಲ್ಲಿ ನ್ಯೂಯಾರ್ಕ್‌ನ ರಾಕಿಮ್ ದೊಡ್ಡ ಹೆಸರು. ಎರಿಕ್ ಬಿ ಜೊತೆ 1987ರಲ್ಲಿ ತಂದ ಮೊದಲ ಆಲ್ಬಮ್‌ನಿಂದಲೇ ಅದು ಕೇಳಿಸುತ್ತದೆ. ನಮ್ಮ ಕಾವ್ಯದಲ್ಲಿ ಪ್ರಾಸ ಇದ್ದದ್ದೇ ಎರಡನೇ ಅಕ್ಷರದಲ್ಲಿ. ‘ಬೀದಿಯ–ಹಾದಿಯ’ ಎಂದು ತಲೆಯಲ್ಲೂ ‘ನಿಂತು–ಕಂತು’ ಎಂದು ಬಾಲದಲ್ಲೂ ಕಟ್ಟಿದರೆ ಸಾಲಿನ ಎರಡೂ ತುದಿ ಬಿಗಿಯಾಗುತ್ತವೆ. ಹದಿನಾರೂ ಬಾರಿನಲ್ಲಿ ಹೀಗೆ ಮಾಡಬೇಡಿ, ಹುಕ್‌ಗೆ (ಮತ್ತೆ ಮತ್ತೆ ಬರುವ ಪಲ್ಲವಿಗೆ) ಹೋಗುವ ಮುಂಚಿನ ನಾಲ್ಕು ಸಾಲಿಗೆ ಉಳಿಸಿಕೊಳ್ಳಿ.

ಪ್ರಶ್ನೆ: ಹಿಪ್-ಹಾಪ್, ರ‍್ಯಾಪ್ ಎರಡೂ ಒಂದೇ ಅಲ್ಲವೇ? (ಶಿವಮೊಗ್ಗ)

ಉತ್ತರ: ಅಲ್ಲ. ಹಿಪ್-ಹಾಪ್ ಎಂಬುದು ಮನೆ, ರ‍್ಯಾಪ್ ಅದರ ಒಂದು ಕೋಣೆ. ರೆಕಾರ್ಡ್ ನುಡಿಸುವ ಡಿಜೆ, ಮೈಕ್ ಹಿಡಿದು ಹೇಳುವ ಎಂಸಿ, ಬಿ-ಬಾಯ್ ಕುಣಿತ, ಗೋಡೆಯ ಮೇಲಿನ ಗ್ರಾಫಿಟಿ, ನಾಲ್ಕೂ ಸೇರಿದ್ದು ಹಿಪ್-ಹಾಪ್. ಹುಟ್ಟಿದ ದಿನವೆಂದು ಎಲ್ಲರೂ ನೆನೆಯುವುದು 1973ರ ಆಗಸ್ಟ್ 11. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ವಸತಿ ಕಟ್ಟಡ. ಶಾಲೆ ಶುರುವಾಗುವ ಮುಂಚೆ ಬಟ್ಟೆ ಕೊಳ್ಳಲು ದುಡ್ಡು ಕೂಡಿಸಬೇಕೆಂದು ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಅಲ್ಲಿ ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಪ್ರವೇಶ. ರೆಕಾರ್ಡ್ ಹಾಕಿದವರು ಆಕೆಯ ಅಣ್ಣ, ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ ಡಿಜೆ ಕೂಲ್ ಹರ್ಕ್.

ಫಂಕ್ ಹಾಡಿನ ನಡುವೆ ಬರೀ ಡ್ರಮ್ ಉಳಿಯುವ ಕೆಲವೇ ಸೆಕೆಂಡುಗಳಲ್ಲಿ ಹುಡುಗರು ಹುಚ್ಚೆದ್ದು ಕುಣಿಯುವುದನ್ನು ಹರ್ಕ್ ಗಮನಿಸಿದ್ದರು. ಆ ತುಣುಕಿಗೆ ಬ್ರೇಕ್ ಎಂದು ಹೆಸರು. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್ ಮೇಲಿಟ್ಟು, ಒಂದರ ಬ್ರೇಕ್ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದನ್ನೇ ಮೊದಲಿನಿಂದ ಹಾಕಿ, ಕೆಲವು ಸೆಕೆಂಡನ್ನು ನಿಮಿಷಗಟ್ಟಲೆ ಎಳೆದರು. ಇಂದಿನ ಲೂಪ್ ಎಂಬುದರ ಮೂಲ ಇದು. ಅದರ ಮೇಲೆ ಮೈಕ್ ಹಿಡಿದು ಕುಣಿಯುವವರನ್ನು ಹುರಿದುಂಬಿಸಿದ ಮಾತು ಬೆಳೆಯುತ್ತ ರ‍್ಯಾಪ್ ಆಯಿತು. ಮಾತಿಗಿಂತ ಮೊದಲು ಬಂದದ್ದು ಡ್ರಮ್.

ಪ್ರಶ್ನೆ: ಬೂಮ್ ಬ್ಯಾಪ್, ಟ್ರ್ಯಾಪ್, ಡ್ರಿಲ್: ಕೇಳಿದಾಗ ಹೇಗೆ ಗುರುತಿಸುವುದು? (ಮೈಸೂರು)

ಉತ್ತರ: ಮಾತು, ವೇಷ ಬಿಟ್ಟು ಸ್ನೇರ್ ಎಲ್ಲಿ ಬೀಳುತ್ತದೆ ಎಂಬುದನ್ನು ಮಾತ್ರ ಕೇಳಿ.

2 ಮತ್ತು 4ಕ್ಕೆ ಬಿದ್ದು, ವೇಗ 85ರಿಂದ 95ರ ಒಳಗಿದ್ದರೆ ಬೂಮ್ ಬ್ಯಾಪ್. ಹಳೆಯ ರೆಕಾರ್ಡಿನ ಧೂಳು ಮೆತ್ತಿದಂತಹ ಅದರ ಸದ್ದಿಗೆ ಯಂತ್ರಗಳ ಮಿತಿಯೂ ಒಂದು ಕಾರಣ. 1987ರ ಎಸ್‌ಪಿ-1200 ಯಂತ್ರದಲ್ಲಿ 12 ಬಿಟ್‌ನ ಸ್ಯಾಂಪಲ್‌ಗೆ ಒಟ್ಟು ಸುಮಾರು 10 ಸೆಕೆಂಡ್ ಜಾಗವಿತ್ತು. ಜಾಗ ಉಳಿಸಲು 33 ಆರ್‌ಪಿಎಂ ರೆಕಾರ್ಡನ್ನು 45ರಲ್ಲಿ ಓಡಿಸಿ ತುಂಬಿಕೊಂಡು, ಒಳಗೆ ಮತ್ತೆ ನಿಧಾನಿಸುತ್ತಿದ್ದರು. ಆ ಎಳೆತದಲ್ಲಿ ಸದ್ದು ಒರಟಾಗುತ್ತಿತ್ತು. ಆ ಒರಟುತನವೇ ಆಮೇಲೆ ರುಚಿಯಾಯಿತು. ಈಗಿನ ಸಾಫ್ಟ್‌ವೇರ್‌ನಲ್ಲಿ ಬೂಮ್ ಬ್ಯಾಪ್ ಮಾಡಿ ‘ಜೀವವೇ ಇಲ್ಲ’ ಎನ್ನುವವರು ಸಾಮಾನ್ಯವಾಗಿ ಹೈ-ಹ್ಯಾಟ್‌ಗಳನ್ನು (ಚಿಕ್ಕ ತಾಳದಂಥ ಸದ್ದು) ಗೆರೆಗೆ ಸರಿಯಾಗಿ ಕೂರಿಸಿರುತ್ತಾರೆ. ಸ್ವಿಂಗನ್ನು (ಪ್ರತಿ ಎರಡನೇ ಹೊಡೆತವನ್ನು ತುಸು ತಡ ಮಾಡುವ ಅಳತೆ) 54–58 ಪ್ರತಿಶತದ ನಡುವೆ ಇಟ್ಟು ಕೇಳಿ.

ಟ್ರ್ಯಾಪ್ ಅಟ್ಲಾಂಟಾದ ಕೂಸು. ಪ್ರಾಜೆಕ್ಟಿನ ವೇಗ 130ರಿಂದ 150 ಬಿಪಿಎಂ ಇರುತ್ತದೆ, ಸ್ನೇರ್ ಅಥವಾ ಚಪ್ಪಾಳೆ 3ನೇ ಬೀಟಿಗೆ ಮಾತ್ರ. ಹಾಗಾಗಿ ತಲೆ ಅರ್ಧ ವೇಗದಲ್ಲಿ ಆಡುತ್ತದೆ, ಹೈ-ಹ್ಯಾಟ್ ಮಾತ್ರ ಮೇಲೆ ಚಿಟಪಟ ಎನ್ನುತ್ತಿರುತ್ತದೆ. ಕೆಳಗಿನ ಉದ್ದನೆಯ ಗುಂಯ್ ಸದ್ದು ರೋಲಂಡ್ ಟಿಆರ್-808 ಯಂತ್ರದ ಕಿಕ್‌ನಿಂದ ಬಂದದ್ದು. ಆ ಯಂತ್ರ ತಯಾರಾದದ್ದು 1980ರಿಂದ 1983ರವರೆಗೆ ಮಾತ್ರ.

ಡ್ರಿಲ್ ಷಿಕಾಗೊದಲ್ಲಿ ಹುಟ್ಟಿ ಲಂಡನ್ನಿಗೆ ಹೋಗಿ ಹೊಸ ನಡೆ ಕಲಿಯಿತು. ಲಂಡನ್ ಮಾದರಿಯನ್ನು ಎರಡು ಬಾರ್ ಒಟ್ಟಿಗೆ ಕೇಳಬೇಕು: ಸ್ನೇರ್ ಮೊದಲ ಬಾರ್‌ನಲ್ಲಿ 3ಕ್ಕೆ, ಎರಡನೆಯದರಲ್ಲಿ 4ಕ್ಕೆ. ಹ್ಯಾಟ್‌ಗಳು 3+3+2, ಬೇಸ್ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದೆ. ವೇಗ 140ರ ಆಸುಪಾಸು. ನಾಲ್ಕರ ಗಣದ ಸಾಲನ್ನು ಇದರ ಮೇಲೆ ಹಾಗೇ ಇಟ್ಟರೆ ಒಡಕು ಕೇಳಿಸುತ್ತದೆ. 3+3+2ಕ್ಕೆ ‘ಕಡಲ | ಅಲೆಯ | ಮೇ’ ಎಂಬಂತೆ ಒಡೆದು ಬರೆಯಬೇಕು.

ಪ್ರಶ್ನೆ: ಮನೆಯಲ್ಲೇ ರೆಕಾರ್ಡ್ ಮಾಡುತ್ತೇನೆ. ಧ್ವನಿ ಬೀಟಿನೊಳಗೆ ಮುಳುಗುತ್ತದೆ, ಜೋರು ಮಾಡಿದರೆ ಬೀಟಿನಿಂದ ಬೇರೆಯಾಗಿ ತೇಲುತ್ತದೆ. ಸಾಲದ್ದಕ್ಕೆ ಪ್ರತಿ ಟೇಕೂ ತುಸು ತಡವಾಗಿ ಬೀಳುತ್ತದೆ. (ಬಳ್ಳಾರಿ)

ಉತ್ತರ: ತಡವಾಗುವುದನ್ನು ಮೊದಲು ನೋಡೋಣ. ಬ್ಲೂಟೂತ್ ಇಯರ್‌ಬಡ್ ಹಾಕಿಕೊಂಡು ರೆಕಾರ್ಡ್ ಮಾಡುತ್ತಿದ್ದರೆ ಅದೇ ಕಾರಣ. ಬ್ಲೂಟೂತ್‌ನಲ್ಲಿ ಸದ್ದು ಸುಮಾರು 150ರಿಂದ 200 ಮಿಲಿಸೆಕೆಂಡ್ ತಡವಾಗಿ ಕಿವಿಗೆ ಬರಬಹುದು. 90 ಬಿಪಿಎಂನಲ್ಲಿ ಒಂದು ಮಾತ್ರೆಯ ಉದ್ದ 167 ಮಿಲಿಸೆಕೆಂಡ್. ಅಂದರೆ ಒಂದಿಡೀ ಮಾತ್ರೆ ಹಿಂದೆ. ತಂತಿಯ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬಳಸಿ. ರೆಕಾರ್ಡ್ ಮಾಡುವಾಗ ಸಾಫ್ಟ್‌ವೇರ್‌ನ ಬಫರ್ (ಸದ್ದನ್ನು ಕೂಡಿಟ್ಟು ಮುಂದೆ ಕಳಿಸುವ ಗಾತ್ರ) 128 ಸ್ಯಾಂಪಲ್ ಇರಲಿ (48 ಕಿಲೊಹರ್ಟ್ಸ್‌ನಲ್ಲಿ ಇದು 3 ಮಿಲಿಸೆಕೆಂಡ್‌ಗೂ ಕಡಿಮೆ), ಮಿಕ್ಸ್ ಮಾಡುವಾಗ 512ಕ್ಕೋ 1024ಕ್ಕೋ ಏರಿಸಿ.

ಧ್ವನಿ ಮುಳುಗುವುದು ಬಹುತೇಕ ಬೀಟಿನ ಫೈಲಿನಿಂದ. ಅಂತರ್ಜಾಲದಿಂದ ಇಳಿಸಿಕೊಂಡ ಎಂಪಿ3 ಆಗಲೇ ಮಾಸ್ಟರ್ ಆಗಿ, ಮೇಲಿನ ಅಂಚಿಗೆ ಒತ್ತಿಕೊಂಡಿರುತ್ತದೆ. ಅದರ ಮೇಲೆ ಧ್ವನಿಗೆ ಜಾಗವೇ ಇಲ್ಲ. ಮಾಸ್ಟರ್ ಆಗದ ವೇವ್ ಫೈಲ್ ಅಥವಾ ಸ್ಟೆಮ್‌ಗಳನ್ನು (ಡ್ರಮ್, ಬೇಸ್ ಮುಂತಾದವುಗಳ ಬಿಡಿ ಫೈಲ್) ಕೇಳಿ ಪಡೆಯಿರಿ. ಸಿಗದಿದ್ದರೆ ಬೀಟನ್ನು 6 ಡಿಬಿ ತಗ್ಗಿಸಿ ಶುರು ಮಾಡಿ, ಅದರಲ್ಲಿ 2ರಿಂದ 4 ಕಿಲೊಹರ್ಟ್ಸ್ ನಡುವೆ 2–3 ಡಿಬಿ ಅಗಲವಾಗಿ ಕಡಿಯಿರಿ. ವ್ಯಂಜನಗಳ ಸ್ಪಷ್ಟತೆ ಇರುವುದು ಅಲ್ಲೇ.

ಧ್ವನಿ ಹಿಡಿಯುವಾಗ ಬಾಯಿಂದ ಮೈಕ್‌ಗೆ ಒಂದು ಗೇಣು, ಸುಮಾರು 15ರಿಂದ 20 ಸೆಂಟಿಮೀಟರ್. ಮೈಕನ್ನು ತುಸು ಓರೆಯಾಗಿಡಿ, ನಡುವೆ ಪಾಪ್ ಫಿಲ್ಟರ್ ಇರಲಿ. ‘ಪ’, ‘ಬ’, ‘ಭ’ಗಳ ಗಾಳಿ ನೇರ ಹೊಡೆದರೆ ಆಮೇಲೆ ತೆಗೆಯುವುದು ಕಷ್ಟ. ಪೀಕ್ ಮೈನಸ್ 10ರ ಹತ್ತಿರ ಇದ್ದರೆ ಸಾಕು, 24 ಬಿಟ್‌ನಲ್ಲಿ ಅದಕ್ಕಿಂತ ಜೋರು ಬೇಡ. ಬರಿಗೋಡೆಯ ಕೋಣೆ ಬೇಡ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಎದುರು ಮೈಕ್ ಇಟ್ಟು, ನಿಮ್ಮ ಬೆನ್ನ ಹಿಂದೆ ದಪ್ಪ ಕೌದಿ ತೂಗುಹಾಕಿ. ಕಾರ್ಡಿಯಾಯ್ಡ್ (ತನ್ನ ಎದುರಿನ ಸದ್ದನ್ನು ಹಿಡಿಯುವ) ಮೈಕ್ ಹೆಚ್ಚು ಕೇಳಿಸಿಕೊಳ್ಳುವುದು ನಿಮ್ಮ ಬೆನ್ನ ಹಿಂದಿನ ಗೋಡೆಯನ್ನು, ಆದ್ದರಿಂದ ಕೌದಿ ಅಲ್ಲೇ ಬೇಕು.

ಆಮೇಲೆ ಈ ಕ್ರಮ: 90 ಹರ್ಟ್ಸ್‌ಗಿಂತ ಕೆಳಗಿನದನ್ನು ಕಡಿಯಿರಿ. ಗುಂ ಎನ್ನುತ್ತಿದ್ದರೆ 300ರ ಸುತ್ತ 2–3 ಡಿಬಿ ತಗ್ಗಿಸಿ. ಕಂಪ್ರೆಸರ್ (ಜೋರಾದ ಸದ್ದನ್ನು ಅದುಮುವ ಸಾಧನ) 4:1, ಅಟ್ಯಾಕ್ (ಅದುಮಲು ತೆಗೆದುಕೊಳ್ಳುವ ಸಮಯ) 5ರಿಂದ 10 ಮಿಲಿಸೆಕೆಂಡ್, ಸೂಜಿ 4ರಿಂದ 6 ಡಿಬಿ ಇಳಿಯುವಷ್ಟು. ಅಟ್ಯಾಕನ್ನು 1ಕ್ಕೆ ಇಳಿಸಿದರೆ ಪದದ ತಲೆಯೇ ಚಪ್ಪಟೆಯಾಗಿ, ಸ್ನೇರ್ ಮೇಲೆ ಕೂರಿಸಿದ ಒತ್ತೆಲ್ಲ ವ್ಯರ್ಥ. ‘ಸ’, ‘ಶ’ ಚುಚ್ಚುತ್ತಿದ್ದರೆ ಡಿ-ಎಸ್ಸರ್, 5ರಿಂದ 8 ಕಿಲೊಹರ್ಟ್ಸ್. ಕೊನೆಗೆ ಪ್ರಾಸದ ಪದಗಳನ್ನು ಮಾತ್ರ ಎರಡನೇ ಬಾರಿ ಹೇಳಿ ರೆಕಾರ್ಡ್ ಮಾಡಿ, 8–10 ಡಿಬಿ ಕೆಳಗೆ ಇಟ್ಟು ಬೆರೆಸಿ. ಮೊದಲ ಟೇಕನ್ನೇ ಕಾಪಿ ಮಾಡಿ ಇಡಬೇಡಿ, ಅದು ಸದ್ದನ್ನು ಜೋರು ಮಾಡುತ್ತದೆ, ದಪ್ಪ ಮಾಡುವುದಿಲ್ಲ. ತೇಲುವ ಧ್ವನಿ ಬೀಟಿಗೆ ಅಂಟಿಕೊಳ್ಳುವುದು ಈ ಹಂತದಲ್ಲಿ.

ಪ್ರಶ್ನೆ: ಹೆಡ್‌ಫೋನ್‌ನಲ್ಲಿ ಗುಡುಗುವ 808 ಫೋನಿನ ಸ್ಪೀಕರ್‌ನಲ್ಲಿ ಮಾಯವಾಗುತ್ತದೆ. (ಕಲಬುರಗಿ)

ಉತ್ತರ: 49 ಹರ್ಟ್ಸ್‌ನ ಸ್ವರವನ್ನು ಫೋನಿನ ಪುಟ್ಟ ಸ್ಪೀಕರ್ ನುಡಿಸಲಾರದು. ವಾಲ್ಯೂಮ್ ಏರಿಸಿ ಫಲವಿಲ್ಲ. 808 ಟ್ರ್ಯಾಕಿನ ಒಂದು ಪ್ರತಿ ಮಾಡಿ, ಅದರಲ್ಲಿ 150ಕ್ಕಿಂತ ಕೆಳಗಿನದನ್ನು ಕಡಿದು, ಸ್ಯಾಚುರೇಶನ್ (ಸದ್ದನ್ನು ತುಸು ಒರಟು ಮಾಡಿ ಮೇಲಿನ ಸ್ವರಾಂಶ ಸೇರಿಸುವ ಎಫೆಕ್ಟ್) ಹಾಕಿ, ಮೂಲದ ಜೊತೆ ಮೆಲ್ಲಗೆ ಬೆರೆಸಿ. ಮೇಲಿನ ಹಾರ್ಮೋನಿಕ್‌ಗಳು ಕೇಳಿದರೆ ಕಿವಿ ಕೆಳಗಿನ ಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. 808 ಹಾಡಿನ ಶ್ರುತಿಯಲ್ಲಿದೆಯೇ ಎಂದೂ ನೋಡಿ. ಒಂದು ಆಕ್ಟೇವ್ ಮೇಲಕ್ಕೆತ್ತಿ ಕೇಳಿದರೆ ಅಪಶ್ರುತಿ ಥಟ್ಟನೆ ಗೊತ್ತಾಗುತ್ತದೆ.

ಪ್ರಶ್ನೆ: ಹಳೆಯ ಕನ್ನಡ ಚಿತ್ರಗೀತೆಯ 6 ಸೆಕೆಂಡ್ ತುಣುಕನ್ನು ಬೀಟಿನಲ್ಲಿ ಬಳಸಬಹುದೇ? 7 ಸೆಕೆಂಡ್‌ವರೆಗೆ ಅಡ್ಡಿಯಿಲ್ಲ ಎನ್ನುತ್ತಾರೆ. ವಚನವನ್ನು ಹುಕ್ ಮಾಡಬಹುದೇ? (ದಾವಣಗೆರೆ)

ಉತ್ತರ: ಅಂಥ ಸೆಕೆಂಡಿನ ನಿಯಮ ಎಲ್ಲೂ ಇಲ್ಲ. 1991ರಲ್ಲಿ ಗಿಲ್ಬರ್ಟ್ ಓಸಲಿವನ್ ಹಾಡಿನ ತುಣುಕು ಬಳಸಿದ ರ‍್ಯಾಪರ್ ಬಿಜ್ ಮಾರ್ಕಿ ವಿರುದ್ಧ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯ ತೀರ್ಪು ಕೊಟ್ಟ ಮೇಲೆ ಅಮೆರಿಕದಲ್ಲೂ ಅನುಮತಿಯಿಲ್ಲದ ಸ್ಯಾಂಪಲ್‌ನ ಕಾಲ ಮುಗಿಯಿತು.

ಒಂದು ಚಿತ್ರಗೀತೆಯಲ್ಲಿ ಹಲವು ಹಕ್ಕುಗಳಿವೆ: ಸಾಹಿತ್ಯ, ಸಂಗೀತ, ಧ್ವನಿಮುದ್ರಣ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. 1960ರಲ್ಲಿ ಬಿಡುಗಡೆಯಾದದ್ದು 2020ರ ಕೊನೆಗೆ ಮುಗಿದಿದೆ. ಆದರೆ ಸಾಹಿತ್ಯ, ಸಂಗೀತದ ಹಕ್ಕು ಅವುಗಳನ್ನು ರಚಿಸಿದವರ ಜೀವಿತಾವಧಿಯ ಮೇಲೆ ಇನ್ನೂ 60 ವರ್ಷ ಇರುತ್ತದೆ. ಆದ್ದರಿಂದ ಮುದ್ರಣ ಮುಕ್ತವಾಗಿದ್ದರೂ ಸ್ವರಸಂಯೋಜನೆ ಮುಕ್ತವಾಗಿರಬೇಕೆಂದಿಲ್ಲ. ‘ಕವರ್ ವರ್ಷನ್ ಎಂದು ಹಾಕುತ್ತೇನೆ’ ಎಂಬ ದಾರಿಯೂ ಇಲ್ಲ. ಕವರ್‌ಗೆ ಕಾಯ್ದೆ ಕೊಡುವ ಪರವಾನಗಿಯಲ್ಲಿ ಮೂಲವನ್ನು ಬದಲಿಸುವಂತಿಲ್ಲ. ಅದರ ಮೇಲೆ ನಿಮ್ಮ ರ‍್ಯಾಪ್ ಸೇರಿಸುವುದು ಬದಲಾವಣೆಯೇ.

12ನೇ ಶತಮಾನದ ವಚನದ ಪಠ್ಯ ಯಾರ ಸ್ವತ್ತೂ ಅಲ್ಲ, ಧಾರಾಳವಾಗಿ ಬಳಸಿ. ಜನಪ್ರಿಯ ಗಾಯಕರು ಹಾಡಿದ ಧಾಟಿಯನ್ನು ಮಾತ್ರ ಎತ್ತಬೇಡಿ, ಅದಕ್ಕೆ ಸಂಯೋಜಕರಿದ್ದಾರೆ. ನಿಮ್ಮದೇ ಧಾಟಿಯಲ್ಲಿ, ಅಂಕಿತ ತಪ್ಪಿಸದೆ, ಪೂರ್ತಿ ಹೇಳಿ.

ಬೀಟ್ ಗುತ್ತಿಗೆಗೆ ಪಡೆಯುವವರಿಗೂ ಇಲ್ಲೇ ಒಂದು ಮಾತು. ಲೀಸ್ ಎಂದರೆ ಅದೇ ಬೀಟ್ ಇನ್ನೂ ಹತ್ತಾರು ಮಂದಿಗೆ ಹೋಗಿರುತ್ತದೆ. ಆ ಹಾಡನ್ನು ಯೂಟ್ಯೂಬಿನ ಕಂಟೆಂಟ್ ಐಡಿಗೆ (ಅದೇ ಸದ್ದು ಇರುವ ವಿಡಿಯೊಗಳನ್ನು ತಾನೇ ಪತ್ತೆಹಚ್ಚುವ ವ್ಯವಸ್ಥೆ) ಸೇರಿಸಬೇಡಿ. ಸೇರಿಸಿದರೆ ಅವರ ವಿಡಿಯೊಗಳ ಮೇಲೆ ನಿಮ್ಮ ಹೆಸರಿನಲ್ಲಿ ಕ್ಲೈಮ್ ಹೋಗಿ ಜಗಳ ನಿಮ್ಮ ಬಾಗಿಲಿಗೆ ಬರುತ್ತದೆ. ‘ಫ್ರೀ’ ಎಂದು ಹಾಕಿದ ಬೀಟ್‌ಗಳು ಹೆಚ್ಚಾಗಿ ಲಾಭ ಮಾಡದ ಬಳಕೆಗಷ್ಟೇ ಫ್ರೀ. ಸ್ಟ್ರೀಮ್‌ಗಳ ಮಿತಿ, ಅವಧಿ, ವಿಡಿಯೊಗೆ ಅನುಮತಿ, ಈ ಮೂರನ್ನು ಬರಹದಲ್ಲಿ ಪಡೆದು ಇಟ್ಟುಕೊಳ್ಳಿ.

ಪ್ರಶ್ನೆ: ಫೋನಿನಲ್ಲೇ ಮ್ಯೂಸಿಕ್ ವಿಡಿಯೊ ತೆಗೆದೆವು. ಟ್ಯೂಬ್‌ಲೈಟ್ ಕೆಳಗೆ ಕಪ್ಪು ಪಟ್ಟಿಗಳು ಓಡುತ್ತವೆ, ಸ್ಲೋ ಮೋಷನ್‌ನಲ್ಲಿ ತುಟಿ ಹೊಂದುವುದಿಲ್ಲ, ಹಾಡಿನ ಕೊನೆಗೆ ಬರುವಷ್ಟರಲ್ಲಿ ಮಾತು-ತುಟಿ ಬೇರೆ ಬೇರೆ. (ಬೆಂಗಳೂರು, ಕಾಮಾಕ್ಷಿಪಾಳ್ಯ)

ಉತ್ತರ: ಮೂರೂ ಬೇರೆ ಬೇರೆ ರೋಗ.

ಪಟ್ಟಿಗಳು: ನಮ್ಮ ವಿದ್ಯುತ್ 50 ಹರ್ಟ್ಸ್, ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಫೋನ್ ತಾನಾಗಿ 1/60 ಅಥವಾ 1/120 ಶಟರ್ ಹಿಡಿದಾಗ ಈ ಮಿನುಗಿಗೂ ಶಟರಿಗೂ ಹೊಂದಿಕೆಯಾಗುವುದಿಲ್ಲ. ಕೈಯಾರೆ ಹೊಂದಿಸಲು ಬಿಡುವ ಆ್ಯಪ್‌ನಲ್ಲಿ 25 ಫ್ರೇಮ್, 1/50 ಶಟರ್ ಇಡಿ. 50 ಫ್ರೇಮ್ ಆದರೆ 1/100. ಆಮೇಲೂ ಪಟ್ಟಿ ಉಳಿದರೆ ಅದು ಅಗ್ಗದ ಎಲ್‌ಇಡಿಯ ದೋಷ, ದೀಪವನ್ನೇ ಬದಲಿಸಬೇಕು.

ಸ್ಲೋ ಮೋಷನ್: ತುಟಿ ಹೊಂದಬೇಕಾದರೆ ಚಿತ್ರೀಕರಣದ ಜಾಗದಲ್ಲಿ ಹಾಡನ್ನು ವೇಗವಾಗಿ ನುಡಿಸಿ, ಆ ವೇಗಕ್ಕೇ ಹೇಳಬೇಕು. ಲೆಕ್ಕ ಸರಳ. ತೆಗೆದ ಫ್ರೇಮ್‌ಗಳನ್ನು ತೋರಿಸುವ ಫ್ರೇಮ್‌ಗಳಿಂದ ಭಾಗಿಸಿ. 50ರಲ್ಲಿ ತೆಗೆದು 25ರಲ್ಲಿ ತೋರಿಸಿದರೆ ಎರಡು ಪಟ್ಟು, ಅಂದರೆ 90ರ ಹಾಡು 180ರಲ್ಲಿ. ಸೆಕೆಂಡಿಗೆ 12 ಮಾತ್ರೆ. ಹುಕ್‌ನಂಥ ನಿಧಾನದ ಭಾಗಕ್ಕೆ ಸರಿ, ತುಂಬಿದ ಪದ್ಯಕ್ಕೆ ಆಗದ ಮಾತು. ಪದ್ಯಕ್ಕೆ 30ರಲ್ಲಿ ತೆಗೆದು 25ರಲ್ಲಿ ತೋರಿಸಿ, ಶಟರ್ 1/50 ಇದ್ದರಾಯಿತು. ಹಾಡು 120 ಪ್ರತಿಶತ ವೇಗದಲ್ಲಿ, 108 ಬಿಪಿಎಂಗೆ ಓಡುತ್ತದೆ. ನಡಿಗೆಗೆ, ಬಟ್ಟೆಯ ಬೀಸಿಗೆ ಹಿತವಾದ ಒಂದು ಭಾರ ಬರುತ್ತದೆ, ಸ್ಲೋ ಮೋಷನ್ ಎಂದು ಯಾರಿಗೂ ತಿಳಿಯುವುದಿಲ್ಲ. ವೇಗದ ಪ್ರತಿಯನ್ನು ಮನೆಯಲ್ಲೇ ಮಾಡಿಟ್ಟುಕೊಂಡು, ಮೊದಲಿಗೆ ನಾಲ್ಕು ಕ್ಲಿಕ್ ಸದ್ದು ಸೇರಿಸಿ ಹೋಗಿ. ಫೋನ್ ಆ ಕ್ಲಿಕ್‌ಗಳನ್ನೂ ಹಿಡಿಯುವುದರಿಂದ ಎಡಿಟ್‌ನಲ್ಲಿ ಹೊಂದಿಸುವುದು ಸಲೀಸು.

ಕೊನೆಗೆ ಜಾರುವುದು: ಫೋನ್‌ಗಳು ಫ್ರೇಮ್ ವೇಗವನ್ನು ಸ್ಥಿರವಾಗಿ ಇಡುವುದಿಲ್ಲ, ಬೆಳಕು ಕಡಿಮೆಯಾದರೆ ತಾವೇ ತಗ್ಗಿಸುತ್ತವೆ. ಎಡಿಟ್‌ಗೆ ಹಾಕುವ ಮುನ್ನ ಎಲ್ಲ ಕ್ಲಿಪ್‌ಗಳನ್ನೂ ಹ್ಯಾಂಡ್‌ಬ್ರೇಕ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಸ್ಥಿರ ಫ್ರೇಮ್‌ಗೆ ಬದಲಿಸಿ. ಹೊಂದಿದೆಯೇ ಎಂದು ನೋಡಲು ‘ಮ’, ‘ಬ’, ‘ಪ’ ಹುಡುಕಿ. ಈ ಮೂರಕ್ಕೂ ತುಟಿ ಪೂರ್ತಿ ಮುಚ್ಚಲೇಬೇಕು. ಮುಚ್ಚಿದ ಫ್ರೇಮ್ ಮತ್ತು ಸದ್ದು ಒಂದೇ ಕಡೆ ಬರುವವರೆಗೆ ಒಂದೊಂದೇ ಫ್ರೇಮ್ ಸರಿಸಿ. 25ರಲ್ಲಿ ಒಂದು ಫ್ರೇಮ್ 40 ಮಿಲಿಸೆಕೆಂಡ್.

ಎಷ್ಟು ತೆಗೆಯಬೇಕು ಎಂದೂ ಕೇಳಿದ್ದೀರಿ. ಪೂರ್ತಿ ಹಾಡನ್ನು ಮೂರು ಸಲ ತೆಗೆಯಿರಿ: ದೂರದಿಂದ, ಸೊಂಟದವರೆಗೆ, ಮುಖ ಮಾತ್ರ. 90ರ ಹಾಡಿನಲ್ಲಿ ಎರಡು ಬಾರ್‌ಗೊಂದು ಕಟ್ ಎಂದರೆ 3 ನಿಮಿಷಕ್ಕೆ ಸುಮಾರು 34 ತುಣುಕು. ಈ ಮೂರು ಓಟ, ಜೊತೆಗೆ ಕೈ, ಕಾಲು, ಬೀದಿ, ಗೋಡೆಗಳ ಹದಿನೈದು ಬಿಡಿ ಶಾಟ್ ಇದ್ದರೆ ಸಾಕು. ಕಟ್ ಎಲ್ಲವೂ ಸ್ನೇರ್ ಮೇಲೆ ಬೇಡ, ಕೆಲವನ್ನು ಒಂದೆರಡು ಫ್ರೇಮ್ ಮುಂಚೆ ಇಡಿ. ಕಣ್ಣು ಹೊಸ ಚಿತ್ರಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಸ್ನೇರ್ ಬೀಳುತ್ತದೆ.

ಬಾಡಿಗೆ ಕಾರು, ಡ್ರೋನ್ ಬೇಕೇ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ: ಬೇಡ. 1990ರ ದಶಕದ ಕೊನೆಯಲ್ಲಿ ವಿಡಿಯೊ ನಿರ್ದೇಶಕ ಹೈಪ್ ವಿಲಿಯಮ್ಸ್, ರ‍್ಯಾಪರ್ ಮಿಸ್ಸಿ ಎಲಿಯಟ್ ಅವರಂಥವರನ್ನು ಅಂಚು ಬಾಗಿಸಿ ತೋರಿಸುವ ಫಿಶ್‌ಐ ಲೆನ್ಸ್‌ನಲ್ಲಿ ತೋರಿಸಿದ ರೀತಿ ಇಂದಿಗೂ ಕಣ್ಣಲ್ಲಿ ಉಳಿದಿದೆ. ನಿಮ್ಮ ಫೋನಿನ 0.5 ಲೆನ್ಸ್ ಅದರ ಹತ್ತಿರಕ್ಕೆ ಬರುತ್ತದೆ. ಮುಖದಿಂದ ಒಂದು ಅಡಿ ದೂರ, ಎದೆಯ ಎತ್ತರದಿಂದ ಮೇಲ್ಮುಖ, ಮುಖ ಫ್ರೇಮಿನ ನಡುವೆ. ಅಂಚಿಗೆ ಹೋದರೆ ದವಡೆ ಎಳೆದುಕೊಳ್ಳುತ್ತದೆ. ಬೆಂಗಳೂರಿನ ಹನುಮಾನ್‌ಕೈಂಡ್ ಅವರ 2024ರ ವಿಡಿಯೊ ಲೋಕವೆಲ್ಲ ಸುತ್ತಿದ್ದು ಕೇರಳದಲ್ಲಿ ತೆಗೆದ, ಜಾತ್ರೆಯ ಒಂದು ಸಾವಿನ ಬಾವಿಯ ಬಲದಿಂದ: ಮರದ ಗೋಡೆ, ಅದರ ಮೇಲೆ ಸುತ್ತುವ ಬೈಕು-ಕಾರು, ನಡುವೆ ನಿಂತ ರ‍್ಯಾಪರ್. ನಿಮ್ಮ ಕಾಮಾಕ್ಷಿಪಾಳ್ಯದಲ್ಲಿ ಲೇತ್ ಮಷಿನ್‌ನ ಕಿಡಿ ಇದೆ, ಶಟರ್ ಅಂಗಡಿಗಳ ಸಾಲಿದೆ. ಲೇತ್ ಮುಂದೆ ತೆಗೆಯುವುದಾದರೆ ಮಾಲೀಕರ ಒಪ್ಪಿಗೆ ಪಡೆದು, ಕಣ್ಣಿಗೆ ಕನ್ನಡಕ ಹಾಕಿ, ಸಡಿಲ ಅಂಗಿಯ ತೋಳು ಮಡಚಿ, ಯಂತ್ರದಿಂದ ಎರಡು ಮೀಟರ್ ದೂರ ನಿಂತೇ ತೆಗೆಯಿರಿ. ಕಿಡಿ ಗೆರೆಯಾಗಿ ಕಾಣಲು 1/50 ಶಟರೇ ಸರಿ. 1/500ಕ್ಕೆ ಹೋದರೆ ಅದು ಬರೀ ಚುಕ್ಕಿಯಾಗುತ್ತದೆ.